ಲಾರಿಗೆ ಲೋಡ್ ಮಾಡುವ ಮೊದಲು ಇಳಿಸುವ ಜಾಗ ನೋಡಿ

ಪೀಣ್ಯದಲ್ಲಿ ಎಲೆಕ್ಟ್ರಿಕಲ್ ಪ್ಯಾನೆಲ್ (ಕಟ್ಟಡಗಳ ಕರೆಂಟಿನ ಸ್ವಿಚ್‌ಗಳನ್ನು ಕೂರಿಸುವ ದೊಡ್ಡ ಬೀರು) ತಯಾರಿಸುವ ಒಂದು ಫ್ಯಾಕ್ಟರಿಯ ಡಿಸ್‌ಪ್ಯಾಚ್ ವಿಭಾಗದಲ್ಲಿ ನನ್ನ ಕೆಲಸ. ನಮ್ಮ ಮಾಲು ಜಾಸ್ತಿ ಹೋಗುವುದು ದೆಹಲಿ ಕಡೆಗೆ. ಹೊಸದಾಗಿ ಸೇರಿದ ಹುಡುಗರು ಮೊಬೈಲಿನಲ್ಲಿ ಮ್ಯಾಪ್ ತೆಗೆದು, 2,150 ಕಿ.ಮೀ., ದಿನಕ್ಕೆ ಇಷ್ಟು ಓಡಿದರೆ ಇಷ್ಟು ದಿನ ಅಂತ ಲೆಕ್ಕ ಹಾಕಿ ತೋರಿಸುತ್ತಾರೆ. ಲೆಕ್ಕ ಸರಿಯಾಗೇ ಇರುತ್ತದೆ. ಆದರೆ ಲಾರಿ ತಡವಾಗುವುದು ರೋಡಿನಲ್ಲಿ ಕಡಿಮೆ. ನಮ್ಮ ಗೇಟಿನಲ್ಲಿ ಅರ್ಧ ದಿನ, ಗಿರಾಕಿಯ ಗೇಟಿನಲ್ಲಿ ಎರಡು ದಿನ, ಹೀಗೆ ಹೋಗುತ್ತದೆ ಟೈಮು. ಅದಕ್ಕೇ ನಾನು ಪ್ಲ್ಯಾನ್ ಶುರು ಮಾಡುವುದು ಆ ತುದಿಯಿಂದ.

ಆರ್ಡರಿನ ಮೇಲೆ ‘ದೆಹಲಿ’ ಅಂತ ಇರುತ್ತದೆ. ಅದು ವಿಳಾಸವೇ ಅಲ್ಲ. ಬಿಲ್ ಹೋಗುವುದು ದೆಹಲಿ ಆಫೀಸಿಗೆ, ಮಾಲು ಹೋಗುವುದು ದೆಹಲಿ ಸುತ್ತಲಿನ ಮಾನೇಸರಕ್ಕೋ, ಕುಂಡ್ಲಿಗೋ, ಗಾಜಿಯಾಬಾದಿಗೋ. ಆಗ್ರಾ ದಾಟಿ ಪಲ್ವಲ್ ಹತ್ತಿರ ಬಂದಾಗ ಲಾರಿಗೆ ದಾರಿ ಕವಲೊಡೆಯುತ್ತದೆ. ಎಡಕ್ಕೆ ಕೆಎಂಪಿ (ಕುಂಡ್ಲಿ-ಮಾನೇಸರ-ಪಲ್ವಲ್) ಎಕ್ಸ್‌ಪ್ರೆಸ್‌ವೇ ಹಿಡಿದರೆ ಮಾನೇಸರ. ಬಲಕ್ಕೆ ಈಸ್ಟರ್ನ್ ಪೆರಿಫೆರಲ್ ಹಿಡಿದರೆ ಗಾಜಿಯಾಬಾದ್. ಎರಡೂ 2018ರಲ್ಲಿ ಪೂರ್ತಿಯಾದ ರಸ್ತೆಗಳು. ದೆಹಲಿ ಊರೊಳಗೆ ಕಾಲಿಡದೆ ಹೋಗಬಹುದು. ಆದರೆ ಯಾವ ಕಡೆ ಅನ್ನುವುದು ಲಾರಿ ಹೊರಡುವ ಮೊದಲೇ ಡ್ರೈವರ್ ಕೈಗೆ ಸಿಗಬೇಕು. ಇಲ್ಲವಾದರೆ ಅವನು ಪಲ್ವಲ್‌ನ ಯಾವುದೋ ಢಾಬಾ ಮುಂದೆ ಗಾಡಿ ಹಾಕಿ ನಮಗೆ ಫೋನ್ ಮಾಡುತ್ತಾನೆ. ಅದೂ ನಾವು ಆಫೀಸಿನಲ್ಲಿ ಇಲ್ಲದ ಹೊತ್ತಿಗೆ.

ಜಾಗ ನಿಜವಾಗಿಯೂ ದೆಹಲಿ ಒಳಗೇ ಇದ್ದರೆ ಕಥೆ ಬೇರೆ. ಹಗಲಲ್ಲಿ ದೊಡ್ಡ ಲಾರಿಗೆ ನೋ ಎಂಟ್ರಿ. ರಾತ್ರಿ ಒಳಗೆ ಬರಬೇಕು. ಕಟ್ಟಡದ ಸೈಟಿನವರು ಗೇಟ್ ತೆಗೆಯುವುದು ಬೆಳಿಗ್ಗೆ. ಮಧ್ಯಾಹ್ನದೊಳಗೆ ಖಾಲಿಯಾದರೂ ಲಾರಿ ಮತ್ತೆ ರಾತ್ರಿಯವರೆಗೆ ಹೊರಗೆ ಬರುವ ಹಾಗಿಲ್ಲ. ಒಂದು ಅನ್‌ಲೋಡಿಂಗಿಗೆ ಹೆಚ್ಚುಕಡಿಮೆ ಒಂದು ಇಡೀ ದಿನ ಹೋಯಿತು ಅಂತಲೇ ಇಟ್ಟುಕೊಳ್ಳಿ. ಲಾರಿ ಓನರ್ ಇದನ್ನು ಬಾಡಿಗೆಯಲ್ಲೇ ಸೇರಿಸಿ ಹೇಳಿರುತ್ತಾನೆ. ‘ಯಾಕಪ್ಪಾ ಇಷ್ಟು ಜಾಸ್ತಿ’ ಅಂತ ಚೌಕಾಸಿ ಮಾಡುವ ಮೊದಲು ಇದು ಗೊತ್ತಿದ್ದರೆ ಒಳ್ಳೆಯದು.

ಎರಡನೇ ಪ್ರಶ್ನೆ: ಮಾಲು ಹೇಗೆ ಇಳಿಸುತ್ತಾರೆ? ಎಲ್ಲರೂ ಮೊದಲು ಲಾರಿ ಗೊತ್ತುಮಾಡಿ ಆಮೇಲೆ ಇದನ್ನು ಯೋಚಿಸುತ್ತಾರೆ. ಪ್ಯಾನೆಲ್ಲಿಗೆ ಮಳೆ ನೀರು ತಾಗಬಾರದು, ಆದ್ದರಿಂದ 32 ಅಡಿ ಕಂಟೇನರ್ ಒಳ್ಳೆಯದು ಅಂತ ಅನ್ನಿಸುವುದು ಸಹಜ. ಆದರೆ ಕಂಟೇನರಿಗೆ ಬಾಗಿಲು ಇರುವುದು ಹಿಂದೆ ಮಾತ್ರ. ಇಳಿಸಲು ಡಾಕ್ (ಲಾರಿಯ ಎತ್ತರಕ್ಕೆ ಕಟ್ಟಿದ ಕಟ್ಟೆ) ಬೇಕು, ಫೋರ್ಕ್‌ಲಿಫ್ಟ್ ಬೇಕು. ಗೋದಾಮಿನಲ್ಲಿ ಅದೆಲ್ಲ ಇರುತ್ತದೆ. ಕಟ್ಟಡ ಏಳುತ್ತಿರುವ ಸೈಟಿನಲ್ಲಿ ಎಲ್ಲಿಂದ ಬರಬೇಕು? ಅಲ್ಲಿ ಇರುವುದು ಒಂದು ಹೈಡ್ರಾ ಕ್ರೇನ್. ಹೈಡ್ರಾಕ್ಕೆ ಮೇಲಿಂದ ಎತ್ತಲು ಜಾಗ ಬೇಕು. ಸೈಟಿಗೆ ಹೋಗುವ ಮಾಲಾದರೆ ಓಪನ್ ಬಾಡಿ ಲಾರಿಯೇ ಸರಿ. ಪ್ಯಾನೆಲ್ಲಿಗೆ ಪ್ಲಾಸ್ಟಿಕ್ ಸುತ್ತಿ, ಮರದ ಪೆಟ್ಟಿಗೆ ಹೊಡೆದು, ಮೇಲೆ ಎರಡು ಪದರ ಟಾರ್ಪಾಲ್ ಹಾಕಿ ಕಟ್ಟಬೇಕು. ಪ್ಯಾಕಿಂಗ್ ಖರ್ಚು ಜಾಸ್ತಿಯಾಗುತ್ತದೆ, ಆಗಲಿ. ಕಂಟೇನರ್ ಒಳಗಿಂದ ಪ್ಯಾನೆಲ್ಲಿಗೆ ಹಗ್ಗ ಬಿಗಿದು ಹೈಡ್ರಾದಲ್ಲಿ ಎಳೆಸುವುದಕ್ಕಿಂತ ವಾಸಿ. ಹಾಗೆ ಎಳೆದ ಪ್ಯಾನೆಲ್ಲಿನ ಬಾಗಿಲು ಮತ್ತೆ ನೆಟ್ಟಗೆ ಮುಚ್ಚಿದ್ದನ್ನು ನಾನು ನೋಡಿಲ್ಲ.

ಇಷ್ಟು ಗೊತ್ತಾದ ಮೇಲೆ ಬ್ರೋಕರ್‌ಗೆ ಫೋನ್. ‘ಸರ್, ಹರಿಯಾಣ ಗಾಡಿ ಒಂದಿದೆ. ಮನೆ ಕಡೆ ಹೋಗೋದು, ಕಮ್ಮಿಗೆ ಬರ್ತಾನೆ’ ಅಂದರೆ ಅದು ಒಳ್ಳೆಯ ಸುದ್ದಿ. ಉತ್ತರದಿಂದ ಮಾಲು ತಂದು ಇಲ್ಲಿ ಖಾಲಿ ಮಾಡಿ ವಾಪಸ್ ಲೋಡಿಗೆ ಕಾಯುತ್ತಿರುವ ಲಾರಿ ಅದು. ಖಾಲಿ ಹೋಗುವುದಕ್ಕಿಂತ ಕಡಿಮೆ ಬಾಡಿಗೆ ಮೇಲು ಅಂತ ಅವನ ಲೆಕ್ಕ. (ನಂಬರ್ ಪ್ಲೇಟ್ ನೋಡಿ ಮಾತ್ರ ಊರು ಹೇಳಬೇಡಿ. ನಾಗಾಲ್ಯಾಂಡ್ ನಂಬರಿನ ಲಾರಿಗಳು ದೇಶದ ಎಲ್ಲ ಕಡೆ ಓಡುತ್ತವೆ. ಅವುಗಳಲ್ಲಿ ಎಷ್ಟೋ ಲಾರಿಗಳಿಗೆ ಆ ರಾಜ್ಯದ ಸಂಬಂಧ ಕಾಗದದಲ್ಲಿ ಮಾತ್ರ.) ಮನೆ ಕಡೆ ಹೊರಟ ಡ್ರೈವರ್ ದಾರಿಯಲ್ಲಿ ಸುಮ್ನೆ ನಿಲ್ಲುವುದಿಲ್ಲ. ಊರು ಮುಟ್ಟಿದ ಮೇಲೆ ಇಳಿಸುವ ಜಾಗಕ್ಕೆ ಹೋಗದೆ ಮನೆಗೆ ಹೋಗಿ ಮಲಗುವ ಅಪಾಯವೂ ಇದೆ. ಅದನ್ನು ಮೊದಲೇ ಮಾತಾಡಿಕೊಳ್ಳಬೇಕು.

ಬ್ರೋಕರ್ ಹೇಳುವ ಇನ್ನೊಂದು ಮಾತಿದೆ: ‘ಸರ್, ನಿಮ್ಮ ಮಾಲಿನ ಹಿಂದೆ ಸ್ವಲ್ಪ ಜಾಗ ಉಳಿಯುತ್ತೆ, ಒಂದು ಸಣ್ಣ ಪಾರ್ಟ್ ಲೋಡ್ ಹಾಕ್ಕೊಳ್ತೀನಿ.’ ಪ್ಯಾನೆಲ್ ಜಾಗ ತಿನ್ನುವ ಮಾಲು, ತೂಕ ಕಡಿಮೆ. ಹಾಗಾಗಿ ಅವರಿಗೆ ಆಸೆ ಹುಟ್ಟುತ್ತದೆ. ಆದರೆ ಪಾರ್ಟ್ ಲೋಡ್ ಅಂದರೆ ಬೇರೆಯವರ ಮಾಲು, ಇನ್ನೊಂದು ಗೇಟ್, ಇನ್ನೊಂದು ಕಾಯುವಿಕೆ. ಸಣ್ಣದು ಅಂದದ್ದು ಕಬ್ಬಿಣದ ಬಿಡಿಭಾಗ ಆಗಿಬಿಟ್ಟರೆ ತೂಕದ ತಲೆನೋವೂ ಸೇರುತ್ತದೆ. 2019ರ ಸೆಪ್ಟೆಂಬರಿನಿಂದ ಓವರ್‌ಲೋಡಿಗೆ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಹೆಚ್ಚಿನ ಮಾಲನ್ನು ಅಲ್ಲೇ ಇಳಿಸಲೂ ಹೇಳುತ್ತಾರೆ. ಹಾಗೆ ಇಳಿಸುವಾಗ ಮೊದಲು ಕೈ ಹಾಕುವುದು ಹಿಂದೆ ಇರುವುದಕ್ಕೋ ಹಗುರ ಇರುವುದಕ್ಕೋ ಯಾರಿಗೆ ಗೊತ್ತು. ಪೂರ್ತಿ ಗಾಡಿ ಬಾಡಿಗೆ ಕೊಟ್ಟ ಮೇಲೆ ಪಾರ್ಟ್ ಲೋಡ್ ಬೇಡ ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ರೋಡಿನ ಬಗ್ಗೆ ಹೇಳುವುದು ಕಡಿಮೆ ಇದೆ. ನೆಲಮಂಗಲ, ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿದರೆ ಆಮೇಲೆಲ್ಲ ಹೆದ್ದಾರಿ 44: ಅನಂತಪುರ, ಕರ್ನೂಲು, ಹೈದರಾಬಾದ್, ನಾಗಪುರ, ಸಾಗರ್, ಝಾನ್ಸಿ, ಗ್ವಾಲಿಯರ್, ಆಗ್ರಾ. ಆಂಧ್ರ, ತೆಲಂಗಾಣದಲ್ಲಿ ಡೀಸೆಲ್ ನಮ್ಮಲ್ಲಿಗಿಂತ ದುಬಾರಿ. ಅದಕ್ಕೇ ಬಾಗೇಪಲ್ಲಿ ದಾಟುವ ಮೊದಲೇ ಟ್ಯಾಂಕ್ ತುಂಬಿಸುತ್ತಾರೆ. ಅಡ್ವಾನ್ಸ್ ತಡವಾದರೆ ಡ್ರೈವರ್‌ಗೆ ಸಿಟ್ಟು ಬರುವುದು ಇದಕ್ಕೇ. ಒಬ್ಬನೇ ಡ್ರೈವರ್ ಇದ್ದರೆ ದಿನಕ್ಕೆ 350ರಿಂದ 400 ಕಿ.ಮೀ., ಅಂದರೆ ಆರು ದಿನ. ಇಬ್ಬರಿದ್ದರೆ ನಾಲ್ಕು. ಒಬ್ಬನೇ ಇರುವ ಗಾಡಿಗೆ ನಾಲ್ಕು ದಿನದಲ್ಲಿ ಮುಟ್ಟಿಸು ಅನ್ನುವ ಮ್ಯಾನೇಜರ್‌ಗಳು ಎಲ್ಲ ಕಡೆ ಇದ್ದಾರೆ. ಅವರಿಗೆ ನಾನು ಡಬಲ್ ಡ್ರೈವರ್ ಬಾಡಿಗೆ ಎಷ್ಟು ಅಂತ ಬರೆದು ಕಳಿಸುತ್ತೇನೆ. ನಿದ್ದೆಗೆಟ್ಟು ಓಡಿಸು ಅಂತ ಯಾರಿಗೂ ಹೇಳುವುದಿಲ್ಲ.

ಕಾಗದಪತ್ರದಲ್ಲಿ ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿಯಲ್ಲಿ ಆನ್‌ಲೈನ್ ತೆಗೆಯುವ ಪತ್ರ) ಮುಖ್ಯ. 200 ಕಿ.ಮೀ.ಗೆ ಒಂದು ದಿನದ ಅವಧಿ. 2021ಕ್ಕೆ ಮೊದಲು 100 ಕಿ.ಮೀ.ಗೆ ಒಂದು ದಿನ ಸಿಗುತ್ತಿತ್ತು. ಈಗ ನಮ್ಮ ದೂರಕ್ಕೆ 11 ದಿನ. ಆರು ದಿನದ ಓಟಕ್ಕೆ ಧಾರಾಳ ಅಲ್ವಾ? ಆದರೂ ಅವಧಿ ಮುಗಿದ ಬಿಲ್ಲುಗಳು ಬರುತ್ತವೆ. ಲಾರಿ ಮುಟ್ಟಿ ಸೈಟಿನ ಹೊರಗೆ ಕಾಯುತ್ತಿರುವಾಗ ಅದು ಮುಗಿದಿರುತ್ತದೆ. ಮುಗಿಯುವುದಕ್ಕೆ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯೊಳಗೆ ಮಾತ್ರ ವಿಸ್ತರಿಸಬಹುದು. ಅವಧಿ ಮುಗಿಯುವುದು ನಡುರಾತ್ರಿ. ಅಂದರೆ ಸಂಜೆ ಆಫೀಸ್ ಮುಚ್ಚುವಾಗ ಒಮ್ಮೆ ನೋಡಿದರೆ ಕೆಲಸ ಆಯಿತು. ದಾರಿಯಲ್ಲಿ ಗಾಡಿ ಕೆಟ್ಟು ಮಾಲು ಬೇರೆ ಲಾರಿಗೆ ಹಾಕಿದರೆ, ಹೊಸ ಲಾರಿ ಹೊರಡುವ ಮೊದಲು ಇ-ವೇ ಬಿಲ್ಲಿನಲ್ಲಿ ಗಾಡಿ ವಿವರ ಇರುವ ಪಾರ್ಟ್ ಬಿಯಲ್ಲಿ ಅದರ ನಂಬರ್ ಹಾಕಬೇಕು. ಇದನ್ನು ಡ್ರೈವರ್ ನೆನಪಿಸುವುದಿಲ್ಲ, ನಾವೇ ಕೇಳಬೇಕು.

ಇನ್ನು ಇನ್ಶೂರೆನ್ಸ್. ‘ಲಾರಿಗೆ ಇನ್ಶೂರೆನ್ಸ್ ಇದೆ ಸರ್’ ಅನ್ನುವುದು ನಮ್ಮ ಮಾಲಿಗೆ ಸಂಬಂಧವಿಲ್ಲದ ಮಾತು. ಸರಕು ಸಾಗಣೆಗೆ 2007ರ ಕಾಯ್ದೆ ಇದೆ. ಮಾಲಿನ ಬೆಲೆ ಬರೆದುಕೊಟ್ಟು ಹೆಚ್ಚಿನ ಹೊಣೆ ಒಪ್ಪಿಸಿಕೊಳ್ಳದಿದ್ದರೆ, ಟ್ರಾನ್ಸ್‌ಪೋರ್ಟಿನವರ ಹೊಣೆ ಸಾಮಾನ್ಯವಾಗಿ ಬಾಡಿಗೆಯ 10 ಪಟ್ಟಿನವರೆಗೆ ಮಾತ್ರ. ನಮ್ಮ ಒಂದು ಲೋಡಿನ ಬೆಲೆ ಅದನ್ನು ಎಷ್ಟೋ ಮೀರುತ್ತದೆ. ಟ್ರಾನ್ಸಿಟ್ ಇನ್ಶೂರೆನ್ಸ್ ಇಲ್ಲದೆ ಗಾಡಿ ಗೇಟ್ ದಾಟಬಾರದು, ಅಷ್ಟೇ.

ಚಳಿಗಾಲಕ್ಕೆ ಮಾತ್ರ ನನ್ನ ಪ್ಲ್ಯಾನ್ ಪೂರ್ತಿ ಬದಲಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಗ್ವಾಲಿಯರ್‌ನಿಂದ ಮುಂದೆ ಮಂಜು. ಅನುಭವಿ ಡ್ರೈವರ್‌ಗಳು ಬಿಸಿಲು ಏರುವವರೆಗೆ ಗಾಡಿ ತೆಗೆಯುವುದಿಲ್ಲ, ತೆಗೆಯಲೂಬಾರದು. ಅದಕ್ಕೆ ಒಂದು ದಿನ ಸೇರಿಸಿದರೆ ಆಯಿತು. ದೊಡ್ಡ ಕಷ್ಟ ದೆಹಲಿಯ ಗಾಳಿಯದು. ಹೊಗೆ ಹೆಚ್ಚಾದಂತೆ ಅಲ್ಲಿ ಗ್ರ್ಯಾಪ್ ಅನ್ನುವ ಕ್ರಮ ಹಂತ ಹಂತವಾಗಿ ಜಾರಿಗೆ ಬರುತ್ತದೆ. ನಾಲ್ಕನೇ ಹಂತ ಬಂದರೆ ಅಗತ್ಯ ವಸ್ತುಗಳ ಲಾರಿ ಬಿಟ್ಟು ಉಳಿದವಕ್ಕೆ ದೆಹಲಿ ಒಳಗೆ ಪ್ರವೇಶವಿಲ್ಲ. ಸಿಎನ್‌ಜಿ, ಎಲ್‌ಎನ್‌ಜಿ, ಎಲೆಕ್ಟ್ರಿಕ್ ಮತ್ತು ಬಿಎಸ್-6 (ಹೊಗೆ ಕಡಿಮೆ ಬಿಡುವ ಹೊಸ ಎಂಜಿನ್ ಮಾನದಂಡ) ಡೀಸೆಲ್ ಲಾರಿಗಳಿಗೆ ವಿನಾಯಿತಿ ಇದೆ. ಹಾಗಾಗಿ ನವೆಂಬರ್ ಬಂತು ಅಂದರೆ ಬ್ರೋಕರ್‌ಗೆ ನನ್ನ ಮೊದಲ ಪ್ರಶ್ನೆ ಗಾಡಿ ಯಾವ ಮಾಡೆಲ್ ಅಂತ. ದೇಶದಲ್ಲಿ ಬಿಎಸ್-6 ಕಡ್ಡಾಯವಾದದ್ದು 2020ರ ಏಪ್ರಿಲ್‌ನಿಂದ. ಆದರೂ ಆರ್‌ಸಿ ಫೋಟೊ ವಾಟ್ಸಾಪ್‌ನಲ್ಲಿ ತರಿಸಿ ನೋಡುತ್ತೇನೆ.

ಗಾಡಿಗೆ ವಿನಾಯಿತಿ ಸಿಕ್ಕರೂ ಮುಗಿಯಲಿಲ್ಲ. ಗ್ರ್ಯಾಪ್ ಕಟ್ಟಡದ ಕೆಲಸವನ್ನೂ ನಿಲ್ಲಿಸುತ್ತದೆ. ನಮ್ಮ ಪ್ಯಾನೆಲ್ ಹೋಗುವುದೇ ಕಟ್ಟಡಗಳಿಗೆ. ಲಾರಿ ಮುಟ್ಟಿತು, ಸೈಟಿಗೆ ಬೀಗ, ಹೈಡ್ರಾ ಇಲ್ಲ, ಹಮಾಲಿಗಳು ಊರಿಗೆ ಹೋಗಿದ್ದಾರೆ. ಗಿರಾಕಿಯ ಖರೀದಿ ವಿಭಾಗದವರು ಫೋನಿನಲ್ಲಿ ‘ಕಳಿಸಿ, ಕಳಿಸಿ’ ಅನ್ನುತ್ತಲೇ ಇರುತ್ತಾರೆ. ಅವರಿಗೆ ಬೇಕಿರುವುದು ಬಿಲ್ಲಿನ ತಾರೀಖು. ಆದ್ದರಿಂದ ಚಳಿಗಾಲದಲ್ಲಿ ನಾನು ಸೈಟ್ ಎಂಜಿನಿಯರ್‌ಗೇ ನೇರ ಫೋನ್ ಮಾಡಿ, ಗಾಡಿ ನಾಗಪುರ ದಾಟುವಾಗ ಮತ್ತೊಮ್ಮೆ ಕೇಳುತ್ತೇನೆ. ಅಲ್ಲಿಂದ ದೆಹಲಿ ಇನ್ನೂ ಸಾವಿರ ಕಿ.ಮೀ. ಮೇಲಿದೆ. ಸೈಟ್ ಮುಚ್ಚಿದ್ದರೆ ಹರಿಯಾಣದಲ್ಲಿ ಒಂದು ಗೋದಾಮು ಹುಡುಕಲು ಎರಡು ಮೂರು ದಿನ ಸಿಗುತ್ತದೆ. ಬೇರೆ ಕಡೆ ಇಳಿಸುವುದಾದರೆ ಅದಕ್ಕೆ ತಕ್ಕ ಕಾಗದ ಮಾಡಿಸಬೇಕು. ಅದಕ್ಕೂ ಈ ಟೈಮ್ ಬೇಕು.

ಇಷ್ಟೆಲ್ಲ ಮಾಡಿದರೂ ಕಾಯುವುದು ತಪ್ಪದ ದಿನಗಳಿವೆ. ಹೋಳಿ, ದೀಪಾವಳಿ, ಛಠ್ ಹಬ್ಬದ ಆಸುಪಾಸಿನಲ್ಲಂತೂ ಇಳಿಸುವವರೇ ಸಿಗುವುದಿಲ್ಲ. ಆಗ ಹಾಲ್ಟಿಂಗ್ ಚಾರ್ಜಿನ, ಅಂದರೆ ಗಾಡಿ ಕಾಯಿಸಿದ್ದಕ್ಕೆ ಕೊಡುವ ಹಣದ ಜಗಳ. ಡ್ರೈವರ್‌ಗೆ ಬತ್ತಾ ಟ್ರಿಪ್ಪಿನ ಲೆಕ್ಕದಲ್ಲಿ, ಓನರ್‌ಗೆ ತಿಂಗಳ ಕಂತು. ನಿಂತ ಗಾಡಿ ಇಬ್ಬರಿಗೂ ನಷ್ಟ. ಮೊದಲ ಎಷ್ಟು ಗಂಟೆ ಫ್ರೀ, ಆಮೇಲೆ ದಿನಕ್ಕೆ ಎಷ್ಟು, ಅದನ್ನು ಕೊಡುವವರು ನಾವೋ ಗಿರಾಕಿಯೋ, ಇದನ್ನು ಆರ್ಡರ್ ಒಪ್ಪಿಕೊಳ್ಳುವಾಗಲೇ ಬರೆಸಿ. ನಮ್ಮ ಸೇಲ್ಸಿನವರು ಮೊದಮೊದಲು ಗಿರಾಕಿಗೆ ಬೇಜಾರಾಗುತ್ತೆ ಅಂತ ಒಪ್ಪಲಿಲ್ಲ. ಈಗ ಆ ಸಾಲು ಕೊಟೇಶನ್ನಿನಲ್ಲೇ ಅಚ್ಚಾಗಿ ಬರುತ್ತದೆ. ಆ ಸಾಲು ಬಂದ ಮೇಲೆ ಕೆಲವು ಸೈಟುಗಳಲ್ಲಿ ಹೈಡ್ರಾ ಲಾರಿಗಿಂತ ಮೊದಲೇ ಬಂದು ನಿಂತಿರುತ್ತದೆ.