ಮನೆಯ ಸೋರಿಕೆ ಹುಡುಕುವ ಕೆಲಸ: ಒಂಬತ್ತನೇ ವಾರದವರೆಗೆ

ಈ ಕೆಲಸ ಶುರು ಮಾಡಿದಾಗ ಹಾಕಿಕೊಂಡ ಷರತ್ತು ಒಂದೇ: ಮನೆಯಲ್ಲಿ ಯಾರ ಊಟಕ್ಕೂ, ಸ್ನಾನಕ್ಕೂ, ಫ್ಯಾನಿಗೂ ಕೈ ಹಾಕಬಾರದು. ತಿಂಗಳ ಕೊನೆಗೆ ಕೈ ಬರಿದಾದಾಗಲೆಲ್ಲ ಮಗಳ ಮೇಲೆ 'ಲೈಟ್ ಆರಿಸು, ನೀರು ನಿಲ್ಲಿಸು' ಎಂದು ರೇಗಿ ರೇಗಿ ನನಗೇ ನೋವಾಗಿತ್ತು. ಯಾರ ಉಪಯೋಗಕ್ಕೂ ಬಾರದೆ ಹರಿದುಹೋಗುತ್ತಿರುವುದು ಎಷ್ಟು ಎಂದು ಮೊದಲು ಅಳೆಯೋಣ, ಬಿಗಿ ಹಿಡಿಯುವ ಮಾತು ಆಮೇಲೆ ಎಂದುಕೊಂಡೆ.

ಮೊದಲ ವಾರ: ಮೀಟರ್

ನಮ್ಮ ಕರೆಂಟ್ ಮೀಟರಿನಲ್ಲಿ ಸಣ್ಣ ಕೆಂಪು ದೀಪವೊಂದು ಮಿಣುಕುತ್ತಿರುತ್ತದೆ. ಅದರ ಹತ್ತಿರ 3200 ಎಂದು ಬರೆದಿದೆ. ದೀಪ 3200 ಸಲ ಮಿಣುಕಿದರೆ ಒಂದು ಯೂನಿಟ್, ಅಂದರೆ 1000 ವಾಟ್ ಒಂದು ಗಂಟೆ ಓಡಿದಷ್ಟು ಕರೆಂಟ್ ಎಂದರ್ಥ. (ನಿಮ್ಮ ಮೀಟರಿನ ಸಂಖ್ಯೆ ಬೇರೆ ಇರಬಹುದು, ನೋಡಿಕೊಳ್ಳಿ.) ಒಂದು ಮಧ್ಯಾಹ್ನ ಫ್ಯಾನ್, ಲೈಟ್ ಎಲ್ಲ ಆರಿಸಿ, ಫ್ರಿಜ್ಜನ್ನೂ ಸ್ವಲ್ಪ ಹೊತ್ತು ನಿಲ್ಲಿಸಿ, ಗಡಿಯಾರ ಹಿಡಿದು ಮೀಟರಿನ ಮುಂದೆ ನಿಂತೆ. ದೀಪ ಸುಮ್ಮನಿರಬೇಕಿತ್ತು. 25 ಸೆಕೆಂಡಿಗೊಮ್ಮೆ ಮಿಣುಕುತ್ತಲೇ ಇತ್ತು. ಗಂಟೆಗೆ 144 ಸಲ, ಅಂದರೆ 45 ವಾಟ್. ಹಗಲೂ ರಾತ್ರಿ ಹೀಗೇ ಹೋದರೆ ತಿಂಗಳಿಗೆ 32 ಯೂನಿಟ್ಟಿಗೂ ಹೆಚ್ಚು. ಎದೆ ಧಸಕ್ಕೆಂದಿತು.

ಮಗಳು ಒಳಗೆ ಒಂದೊಂದೇ ಪ್ಲಗ್ ಕಿತ್ತು 'ತೆಗ್ದೆ ಅಮ್ಮಾ' ಎಂದು ಕೂಗುವುದು, ನಾನು ಹೊರಗೆ ಎಣಿಸುವುದು. ಟಿವಿಯ ಸೆಟ್ ಟಾಪ್ ಬಾಕ್ಸ್ ತೆಗೆದಾಗ ಅಂತರ 36 ಸೆಕೆಂಡಿಗೆ ಹೋಯಿತು. ಹಳೆಯ ಸ್ಪೀಕರ್ ಸೆಟ್ ತೆಗೆದಾಗ 75ಕ್ಕೆ. ರಿಮೋಟಿನಲ್ಲಿ ಆರಿಸಿದರೂ ಇವೆರಡು 30 ವಾಟ್ ಎಳೆಯುತ್ತಿದ್ದವು! ಉಳಿದ 15 ವಾಟ್ ವೈಫೈ ಮತ್ತು ಇತರ ಚಿಲ್ಲರೆ. ಅದನ್ನು ಮುಟ್ಟಲಿಲ್ಲ.

ಎರಡನ್ನೂ ಸ್ವಿಚ್ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆ. ಟಿವಿ ನೋಡುವುದು ದಿನಕ್ಕೆ ನಾಲ್ಕು ಗಂಟೆ. ಉಳಿದ 20 ಗಂಟೆ ಬೋರ್ಡ್ ಆಫ್. ತಿಂಗಳಿಗೆ 18 ಯೂನಿಟ್. 'ಚಾನೆಲ್ ಬರೋಕೆ ಇಷ್ಟು ಹೊತ್ತಾದ್ರೆ ಹೇಗಮ್ಮಾ' ಎಂದು ಮಾವ ಎರಡು ದಿನ ಗೊಣಗಿದರು. ಈಗ ವಾರ್ತೆಗೆ ಐದು ನಿಮಿಷ ಮುಂಚೆ ಅವರೇ ಸ್ವಿಚ್ ಹಾಕಿಡುತ್ತಾರೆ.

ಮೂರನೇ ವಾರ: ನೀರು

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ನಮಗೆಲ್ಲ ರೂಢಿಯಾಗಿಬಿಟ್ಟಿತ್ತು. ಅದರ ಕೆಳಗೆ ಒಂದು ಲೀಟರಿನ ಬಾಟಲಿ ಇಟ್ಟೆ. 50 ನಿಮಿಷಕ್ಕೆ ತುಂಬಿತು. ದಿನಕ್ಕೆ ಹತ್ತಿರ ಹತ್ತಿರ 29 ಲೀಟರ್. ಮೇನ್ ವಾಲ್ವ್ ಮುಚ್ಚಿ, ನಲ್ಲಿ ಬಿಚ್ಚಿ ನೋಡಿದರೆ ಒಳಗಿನ ವಾಷರ್ ಸವೆದು ಒಂದು ಕಡೆ ಹರಿದಿತ್ತು. ಹೊಸದು ಹಾಕಲು ಕಾಲು ಗಂಟೆಯೂ ಬೇಕಾಗಲಿಲ್ಲ. ಹಳೆಯದನ್ನೇ ಅಂಗಡಿಗೆ ಒಯ್ದು ಅಳತೆ ತೋರಿಸಿ, ಇಲ್ಲದಿದ್ದರೆ ಎರಡು ಸಲ ಓಡಾಡಬೇಕಾಗುತ್ತದೆ.

ನಲ್ಲಿಯ ಸೋರಿಕೆಯಾದರೂ ಕಣ್ಣಿಗೆ ಬೀಳುತ್ತದೆ, ಫ್ಲಶ್ ಟ್ಯಾಂಕಿನದು ಹಾಗಲ್ಲ. ಟ್ಯಾಂಕಿಗೆ ನಾಲ್ಕು ಹನಿ ಅಡುಗೆ ಬಣ್ಣ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಂಡೆ. ಕಮೋಡಿನ ಒಳಗೆ ತೆಳ್ಳಗೆ ಬಣ್ಣದ ಗೆರೆ ಇಳಿದಿತ್ತು. ತಳದ ರಬ್ಬರ್ ಬದಲಾಯಿಸಿದೆವು.

ಗೀಸರ್: 2000 ವಾಟಿನ ಗೀಸರಿಗೆ 15 ಲೀಟರ್ ನೀರನ್ನು 40 ಡಿಗ್ರಿ ಏರಿಸಲು 20 ನಿಮಿಷ ಚಿಲ್ಲರೆ ಸಾಕು. ನಾವು ಒಂದೂವರೆ ಗಂಟೆ ಹಾಕಿಡುತ್ತಿದ್ದೆವು. ಬಿಸಿಯಾದ ಮೇಲೆ ತಾನೇ ನಿಲ್ಲುವುದರಿಂದ ಇಲ್ಲಿ ಉಳಿದದ್ದು ನಾನೆಣಿಸಿದ್ದಕ್ಕಿಂತ ಕಡಿಮೆ.

ಐದರಿಂದ ಎಂಟನೇ ವಾರ: ಕಸದ ಬುಟ್ಟಿಗೆ ಹೋದದ್ದು

ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಎಸೆದ ತಿನ್ನುವ ಪದಾರ್ಥವನ್ನೆಲ್ಲ ಬರೆಯುತ್ತ ಬಂದೆವು. ಅದನ್ನು ಓದುವುದೇ ಕಷ್ಟವಾಯಿತು. ಮುಕ್ಕಾಲು ಪಾಲು ಎರಡೇ ಜಾಗದಿಂದ ಬಂದದ್ದು: ತಳದ ಡಬ್ಬದಲ್ಲಿ ಕೊಳೆತ ಸೊಪ್ಪು, ಹಿಂಬದಿಗೆ ಸರಿದು ಮರೆತುಹೋದ ಹಿಂದಿನ ದಿನದ ಅಡುಗೆ. ಈಗ ಕಣ್ಣಿನ ಮಟ್ಟದ ಅರೆಯನ್ನು ಪೂರ್ತಿ 'ಮೊದಲು ಖಾಲಿ ಮಾಡಬೇಕಾದದ್ದು' ಎಂದು ಬಿಟ್ಟಿದ್ದೇವೆ. ಅಡುಗೆಗೆ ಏನು ಎಂದು ಯೋಚಿಸುವ ಮೊದಲು ಆ ಅರೆ ನೋಡುವುದು, ಸಂತೆಗೆ ಹೊರಡುವ ಮೊದಲೂ ಅದನ್ನೇ ನೋಡುವುದು.

ಒಂದು ತಪ್ಪೂ ಆಯಿತು. ಒಟ್ಟಿಗೆ ಕೊಂಡರೆ ಅಗ್ಗವೆಂದು ದೊಡ್ಡ ಚೀಲ ಹಿಟ್ಟು ತಂದೆ. ಅರ್ಧ ಮುಗಿಯುವಷ್ಟರಲ್ಲಿ ಹುಳ ಬಿತ್ತು, ಉಳಿದದ್ದೆಲ್ಲ ಹೋಯಿತು. ಸೋಪು, ಬಟ್ಟೆ ಒಗೆಯುವ ಪುಡಿ, ಬ್ರಷ್ಷಿನಂಥ ಕೆಡದ ಸಾಮಾನಿಗೆ ಮಾತ್ರ ಇನ್ನು ದೊಡ್ಡ ಪೊಟ್ಟಣ.

ಈಗ ಎಲ್ಲಿದ್ದೇವೆ

ಕಳೆದ ತಿಂಗಳು ಮೀಟರಿನಲ್ಲಿ 21 ಯೂನಿಟ್ ಇಳಿದಿದೆ. ಹವೆಯೂ ತಂಪಾಗಿದೆ, ಆದ್ದರಿಂದ ಅಷ್ಟೂ ನಮ್ಮ ಕೆಲಸದ ಫಲ ಎನ್ನಲಾರೆ. ಹೋದ ವರ್ಷದ ಇದೇ ತಿಂಗಳ ಬಿಲ್ ಹುಡುಕುತ್ತಿದ್ದೇನೆ. ಉಳಿದ ಹಣವನ್ನು ಬಿಲ್ ಕಟ್ಟಿದ ದಿನವೇ ಮಗಳ ಹೆಸರಿನ ಖಾತೆಗೆ ಹಾಕಿದೆ. ಕೈಯಲ್ಲೇ ಇಟ್ಟುಕೊಂಡಿದ್ದರೆ ವಾರದೊಳಗೆ ಕರಗಿರುತ್ತಿತ್ತು.

ಈ ವಾರ ಫ್ರಿಜ್ಜಿನ ಬಾಗಿಲು. ಬಾಗಿಲಿನ ಸಂದಿಯಲ್ಲಿ ಕಾಗದ ಇಟ್ಟು ಮುಚ್ಚಿ ಎಳೆದು ನೋಡುತ್ತ ಸುತ್ತ ಬಂದೆ. ಎಲ್ಲ ಕಡೆ ಬಿಗಿಯಾಗಿದೆ, ಕೆಳಗಿನ ಬಲ ಮೂಲೆಯಲ್ಲಿ ಮಾತ್ರ ಕಾಗದ ಸರಕ್ಕನೆ ಕೈಗೆ ಬರುತ್ತದೆ. ರಬ್ಬರಿನ ಮಡಿಕೆಯಲ್ಲಿ ಜಿಡ್ಡು ಕಟ್ಟಿದೆ. ಬಿಸಿನೀರು, ಸೋಪು ಹಾಕಿ ಉಜ್ಜಿದ್ದೇನೆ. ಒಣಗಿದ ಮೇಲೆ ನಾಳೆ ಮತ್ತೆ ಕಾಗದ ಇಟ್ಟು ನೋಡಿ, ಆಗಲೂ ಜಾರಿದರೆ ಹೊಸ ರಬ್ಬರ್ ತರುವುದು.