ನಂದಿದುರ್ಗ ಬಿದ್ದದ್ದು ಎಲ್ಲಿಂದ?

ನಂದಿಬೆಟ್ಟಕ್ಕೆ ಬಂದವರೆಲ್ಲ ಟಿಪ್ಪು ಡ್ರಾಪ್‌ನಲ್ಲಿ ಫೋಟೊ ತೆಗೆದುಕೊಂಡು ಇಳಿದುಬಿಡುತ್ತಾರೆ. ಆದರೆ ಟಿಪ್ಪುವಿನ ಈ ಕೋಟೆಗಾಗಿ 1791ರಲ್ಲಿ ಅಸಲಿ ಕಾಳಗ ನಡೆದದ್ದು ಪಶ್ಚಿಮದ ಇಳಿಜಾರಿನಲ್ಲಿ.

ಆ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದಿದ್ದ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್, ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದ ಮೇಲೆ ಎರಡನೇ ಸಲ ಹೋಗುವ ಮೊದಲು ಉತ್ತರದ ದಾರಿ ಭದ್ರ ಮಾಡಿಕೊಳ್ಳಬೇಕಿತ್ತು. ಅದಕ್ಕೆ ನಂದಿ ಅಡ್ಡ. ಸುತ್ತ ಕಡಿದಾದ ಬಂಡೆ. ಹತ್ತಬಹುದಾದ ಪಶ್ಚಿಮಕ್ಕೆ ಎರಡು ಸುತ್ತು ಗೋಡೆ. ಮೇಜರ್ ಗೌಡಿ (ಹೆಸರು ಕೇಳಿ ನಮ್ಮ ಕಡೆಯ ಗೌಡರು ಅಂದುಕೊಳ್ಳಬೇಡಿ, ಕಂಪನಿಯ ಅಧಿಕಾರಿ) ಇಳಿಜಾರಿನಲ್ಲೇ ದಾರಿ ಕಡಿಸಿ, ಆನೆಗಳ ಬಲದಿಂದ ತೋಪುಗಳನ್ನು ಮೇಲೇರಿಸಿದ. ಗುಂಡೇಟಿಗೆ ಹೊರಗೋಡೆ ಎರಡು ಕಡೆ ಒಡೆಯಿತು. ಒಳಗೋಡೆ ಗಟ್ಟಿಯಾಗೇ ಇತ್ತು.

ಅಕ್ಟೋಬರ್ 18ರ ರಾತ್ರಿ ಬೆಳದಿಂಗಳಲ್ಲಿ ದಾಳಿ. ಮೇಲಿನಿಂದ ಉರುಳಿಬಿಟ್ಟ ಗುಂಡುಕಲ್ಲುಗಳೇ ಹತ್ತುವವರಿಗೆ ಹೆಚ್ಚು ಪೆಟ್ಟು ಕೊಟ್ಟವು. ಕೋಟೆಯವರು ಎಡವಿದ್ದು ಒಂದೇ ಕಡೆ: ಶತ್ರು ಬೆನ್ನಿಗೇ ಬಂದಿದ್ದರಿಂದ ಒಳಬಾಗಿಲನ್ನು ಸರಿಯಾಗಿ ಭದ್ರಪಡಿಸಲು ಪುರಸೊತ್ತು ಸಿಗಲಿಲ್ಲ. ಬಾಗಿಲು ಬಿತ್ತು, ದುರ್ಗವೂ.

ಮುಂದೆ ಇದೇ ಬೆಟ್ಟ ಮೈಸೂರಿನ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್‌ಗೆ ಬೇಸಿಗೆಯ ತಂಪು ತಾಣವಾಯಿತು. ಆತನ ಬಂಗಲೆಯೇ ಇಂದಿನ ನೆಹರು ನಿಲಯ.