ಕತ್ತಲಲ್ಲಿ ಕಿವಿಯೇ ಕಣ್ಣು: ನತ್ತಿಂಗ, ಗೂಬೆಗಳ ಕೂಗು

12 ಏಪ್ರಿಲ್ 2025, ಶನಿವಾರ, ದವನದ ಹುಣ್ಣಿಮೆ
ದೇವರಾಯನದುರ್ಗದ ತಪ್ಪಲು, ತುಮಕೂರು ಜಿಲ್ಲೆ

ಇವತ್ತಿನ ರಾತ್ರಿ ನತ್ತಿಂಗಗಳದ್ದು, ಅಂದರೆ ನೈಟ್‌ಜಾರ್ ಹಕ್ಕಿಗಳದ್ದು. ಹಾರುವ ಹುಳುಗಳನ್ನು ಅವು ಕಣ್ಣಿನಿಂದಲೇ ಹಿಡಿಯುವುದರಿಂದ ಬೆಳದಿಂಗಳಿದ್ದರೆ ತಡರಾತ್ರಿಯಲ್ಲೂ ಚುರುಕು. ಅಮಾವಾಸ್ಯೆಯ ಆಸುಪಾಸಿನಲ್ಲಾದರೆ ಮುಸ್ಸಂಜೆಗೂ ನಸುಕಿಗೂ ತಪ್ಪದೆ ಹಾಜರಿರಬೇಕು.

ಕುರುಚಲು ಕಾಡಿನಲ್ಲಿ ಹೆಚ್ಚು ಕೇಳುವುದು ಇಂಡಿಯನ್ ನೈಟ್‌ಜಾರ್. ಕಡಪಾ ಕಲ್ಲಿನ ಮೇಲೆ ಗೋಲಿ ಬಿಟ್ಟ ಹಾಗೆ, ‘ಚಕ್... ಚಕ್.. ಚಕ್-ಚಕ್-ಚಕರ್ರ್’ ಎಂದು ಬರಬರುತ್ತ ವೇಗ ಏರುತ್ತದೆ. ಜಂಗಲ್ ನೈಟ್‌ಜಾರ್ ಕೂಡ ‘ಚಕ್ ಚಕ್’ ಎನ್ನುತ್ತದೆ, ಆದರೆ ಕೊನೆಯವರೆಗೂ ಒಂದೇ ನಡೆ. ಮೊದಲ ಎರಡು ಮೂರು ‘ಚಕ್’ ಕೇಳಿ ಹೆಸರು ಬರೆದರೆ ಇವೆರಡೂ ಅದಲುಬದಲಾಗುತ್ತವೆ. ಕೂಗಿನ ಬಾಲ ಕೇಳದೆ ಪೆನ್ನು ಎತ್ತಬಾರದು. ಜೆರ್ಡನ್ಸ್ ನೈಟ್‌ಜಾರ್‌ದು ನಡುಗುವ ‘ಚ್ವೊ-ವೊ’; ಸವಾನಾ ನೈಟ್‌ಜಾರ್ ಹಾರುತ್ತಲೇ ‘ಚ್ವೀಪ್’ ಎಂದು ಚೂಪಾಗಿ ಕೂಗುತ್ತದೆ.

ಗೂಬೆಗಳಲ್ಲಿ ಮೋಸ ಮಾಡುವುದು ಇಂಡಿಯನ್ ಸ್ಕಾಪ್ಸ್ ಗೂಬೆ. ಏನನ್ನೋ ಕೇಳುವಂತೆ ಮೆತ್ತಗೆ ಒಂದೇ ಒಂದು ‘ವುಟ್?’, ಕೆಲವು ಸೆಕೆಂಡು ಬಿಟ್ಟು ಮತ್ತೊಂದು. ಕಪ್ಪೆ ಎಂದೇ ತಳ್ಳಿಹಾಕುವವರು ಬಹಳ. ನಾಲ್ಕು ಹೆಜ್ಜೆ ಅತ್ತಿತ್ತ ಸರಿದು ದಿಕ್ಕು ನೋಡಿ: ದನಿ ಮರದ ಎತ್ತರದಿಂದ ಬರುತ್ತಿದ್ದು ಹತ್ತಿರ ನೀರಿಲ್ಲದಿದ್ದರೆ ಗೂಬೆಯನ್ನೇ ಮೊದಲು ಅನುಮಾನಿಸಿ. ಓರಿಯಂಟಲ್ ಸ್ಕಾಪ್ಸ್‌ನ ಕೂಗಿನಲ್ಲಿ ಮೂರು ತುಂಡು, ‘ವುಕ್-ಚುಗ್-ಚುಗ್’. ಕಂದು ಗಿಡುಗಗೂಬೆ ‘ಊ-ಉಕ್, ಊ-ಉಕ್’ ಎಂದು ಜೋಡಿ ಜೋಡಿಯಾಗಿ ಎಡೆಬಿಡದೆ ಹೇಳುತ್ತದೆ. ಹಾಲಕ್ಕಿಯ ಕಿರುಚಾಟ, ಟಿಟ್ಟಿಭದ ಗಲಾಟೆ ಎಲ್ಲರಿಗೂ ಗೊತ್ತಿರುವುದೇ.

ಮೊಬೈಲಿನಲ್ಲಿ ರೆಕಾರ್ಡ್ ಮಾಡುವಾಗ ಕುಗ್ಗಿಸದ ವೇವ್ (WAV) ಫೈಲ್, ಸ್ಯಾಂಪ್ಲಿಂಗ್ ದರ 44.1 ಅಥವಾ 48 ಕಿಲೋಹರ್ಟ್ಸ್ ಇರಲಿ. ಗದ್ದಲ ತಗ್ಗಿಸುವ ಸೌಲಭ್ಯವನ್ನೂ ತಾನಾಗಿ ದನಿ ಏರಿಸುವುದನ್ನೂ ಆಫ್ ಮಾಡಿ. ಇಲ್ಲದಿದ್ದರೆ ಜೀರುಂಡೆ ಮೇಲೆದ್ದು ಗೂಬೆ ಮುಳುಗುತ್ತದೆ. ಗಾಳಿಯ ಗುಂಯ್‌ಗುಡುವಿಕೆ ಕತ್ತರಿಸಲು ಫಿಲ್ಟರನ್ನು ಹೆಚ್ಚು ಮೇಲಕ್ಕೆ ಒಯ್ಯಬೇಡಿ. ಮೀನುಗೂಬೆ, ಕೊಂಬಿನ ಗೂಬೆಗಳ ‘ಹೂಂ’ಕಾರ ಇರುವುದೂ ಅಲ್ಲೇ ತಳದಲ್ಲಿ. ಒಂದು ಜಾಗದಲ್ಲಿ ಕನಿಷ್ಠ ಐದು ನಿಮಿಷ ಅಲುಗಾಡದೆ ನಿಲ್ಲಬೇಕು.

ಕೂಗು ಕೇಳಿ ಹಕ್ಕಿಯ ಹೆಸರು ಹೇಳುವ ಬರ್ಡ್‌ನೆಟ್ ಆ್ಯಪ್ ದನಿಯನ್ನು 3 ಸೆಕೆಂಡಿನ ತುಂಡು ಮಾಡಿ ನೋಡುತ್ತದೆ. ಸ್ಕಾಪ್ಸ್ ಗೂಬೆಯ ಕೂಗಿನ ನಡುವಿನ ಅಂತರ, ಅಂದರೆ ಅದರ ಮುಖ್ಯ ಗುರುತೇ, ಆ ತುಂಡಿನೊಳಗೆ ಹಿಡಿಯದೆ ಹೋಗಬಹುದು. ಅದು ಕೊಟ್ಟ ಹೆಸರನ್ನು ಸುಳಿವೆಂದು ಇಟ್ಟುಕೊಂಡು, ಪೂರ್ತಿ ರೆಕಾರ್ಡಿನ ಸ್ಪೆಕ್ಟ್ರೋಗ್ರಾಂ (ದನಿಯ ಚಿತ್ರ) ಬಿಡಿಸಿ ಅಂತರವನ್ನು ನೀವೇ ಅಳೆಯಿರಿ. ಹಕ್ಕಿಗಳ ಕೂಗು ಸಿಗುವ ಜಾಲತಾಣ ಝೀನೋ-ಕ್ಯಾಂಟೋದಲ್ಲಿ ದಕ್ಷಿಣ ಭಾರತದ್ದೇ ಧ್ವನಿಮುದ್ರಣ ಆರಿಸಿ ಹೋಲಿಸಿ.

ಕೂಗು ಬರಲೆಂದು ರೆಕಾರ್ಡ್ ಹಾಕಿ ಕೆಣಕುವುದು ಬೇಡವೇ ಬೇಡ, ಇದು ಮರಿ ಮಾಡುವ ಕಾಲ. ದಾರಿ ಬಿಟ್ಟು ಇಳಿಯುವುದೂ ಬೇಡ: ನತ್ತಿಂಗ ಗೂಡು ಕಟ್ಟುವುದಿಲ್ಲ, ಮಣ್ಣಿನ ಬಣ್ಣಕ್ಕೇ ಹೊಂದುವ ಮೊಟ್ಟೆಗಳನ್ನು, ಸಾಮಾನ್ಯವಾಗಿ ಎರಡು, ಬರಿನೆಲದ ಮೇಲೇ ಇಡುತ್ತದೆ.